ದಿನಕ್ಕೆ ನಾಲ್ಕು ಸಾವಿರ ಎಳೆ

ನಾನು ಬಾಯಿ ತೆಗೆದರೆ ಪರವೂರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ "ಯಲಹಂಕಕ್ಕೆ ಒಂದು ಕೊಡಿ" ಅಂದರೆ ಕಂಡಕ್ಟರು "ಕೊಡ್ತೀನಿ ತಾಯಿ, ಅದಕ್ಯಾಕೆ ಜಗಳ" ಅನ್ನುತ್ತಾರೆ. ನನಗೆ ಸಿಟ್ಟು ಬಂದಿರುವುದಿಲ್ಲ. ಸಿಟ್ಟು ಬಂದರೆ ಅದು ಬೇರೆಯೇ ಕಥೆ. ನಾಲ್ಕು ಪವರ್‌ಲೂಮ್ ಮಗ್ಗ ಇರುವ ಮನೆಯಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದವಳ ಗಂಟಲು ಹೀಗೇ ಆಗುತ್ತದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಹೀಗೇ ಮಾತಾಡುವುದು, ಯಾರೂ ಯಾರನ್ನೂ "ಮೆಲ್ಲಗೆ" ಅನ್ನುವುದಿಲ್ಲ.

ನನ್ನ ತವರು ಇದೇ ತಾಲೂಕಿನ ಮಧುರೆ ಕಡೆ. ರಾಗಿ ಹೊಲ, ಎರಡು ಹಸು, ಮಧ್ಯಾಹ್ನ ಆದರೆ ಬೇವಿನ ಮರದಲ್ಲಿ ಗಾಳಿ ಆಡುವುದೂ ಕೇಳುವಂಥ ಮನೆ. ಮದುವೆಯಾಗಿ ಇಲ್ಲಿಗೆ ಬಂದ ಮೂರನೇ ದಿನ, ಅತ್ತೆ ನಡುಮನೆ ಬಾಗಿಲಲ್ಲಿ ನಿಂತು ಮುಖ ಕೆಂಪಗೆ ಮಾಡಿಕೊಂಡು, ಕೈ ಬೀಸಿ ಬೀಸಿ ನನ್ನ ಮೇಲೆ ಏನೋ ಕಿರುಚುತ್ತಿದ್ದರು. ಮಗ್ಗದ ಸದ್ದಿನಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಏನು ತಪ್ಪು ಮಾಡಿಬಿಟ್ಟೆನೋ ಅಂತ ಗಳಗಳ ಅತ್ತುಬಿಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು, ನಾಲ್ಕೂ ಮಗ್ಗ ನಿಂತವು, ಅತ್ತೆಯ ಮಾತಿನ ಬಾಲ ಕೇಳಿಸಿತು: "...ಅನ್ನ ಆರೋಗ್ತೈತೆ, ಬಂದು ಉಣ್ಣಮ್ಮಾ!"

ಆಮೇಲೆ ನಾನೂ ಕಲಿತೆ. ತುಟಿ ನೋಡಿ ಮಾತು ತಿಳಿಯುವುದು, ಕೈಸನ್ನೆಯಲ್ಲೇ ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳುವುದು, ಸದ್ದಿನ ಮೇಲೆ ಸದ್ದು ಹಾಕುವುದು. ಎಲ್ಲಕ್ಕಿಂತ ಹೆಚ್ಚಾಗಿ ಅಚ್ಚು ಕೆಚ್ಚುವುದನ್ನು ಕಲಿತೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲು ಮುಗಿಯುತ್ತಾ ಬಂದಾಗ ಹೊಸ ನೂಲಿನ ಉರುಳೆ ತಂದು ಕೂರಿಸುತ್ತಾರೆ. ಹಳೆಯದರ ತುದಿಗೆ ಹೊಸದರ ತುದಿ ಸೇರಿಸಬೇಕು, ಒಂದೊಂದೇ ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿ ಹಿಡಿದು ತಿರುವಿದರೆ ಮುಗಿಯಿತು, ಗಂಟು ಹಾಕುವಂತಿಲ್ಲ. ಒಂದು ಸೀರೆಯ ಅಗಲಕ್ಕೆ ನಾಲ್ಕು ಸಾವಿರ ಎಳೆ, ಕೆಲವಕ್ಕೆ ಇನ್ನೂ ಹೆಚ್ಚು. ಒಂದು ಎಳೆ ಬಿಟ್ಟರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಅತ್ತೆ ಎದುರಿಗೆ ಕೂತು ಹೇಳಿಕೊಟ್ಟರು. ಮೊದಲ ಸಲ ನನಗೆ ಮೂರು ದಿನ ಹಿಡಿಯಿತು, ಅವರು ಒಂದೇ ಒಂದು ಮಾತೂ ಬೈಯಲಿಲ್ಲ. ಬೈದರೂ ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಈಗ ಇಂಗ್ಲಿಷಿನ ವಿಚಾರಕ್ಕೆ ಬರುತ್ತೇನೆ. ಮದುವೆಗೆ ಮೊದಲು ನಾನು ಸೆಕೆಂಡ್ ಪಿಯುಸಿ ಓದಿದ್ದೆ. ಇಂಗ್ಲಿಷ್ ಒಂದು ಬಿಟ್ಟು ಉಳಿದಿದ್ದೆಲ್ಲ ಪಾಸು. ಇಂಗ್ಲಿಷಿನಲ್ಲಿ ಬಂದ ಅಂಕ ಹೇಳುವುದಿಲ್ಲ, ನನ್ನ ಮಗಳು ಇದನ್ನು ಓದುತ್ತಾಳೆ. ಅದಾದ ಮೇಲೆ ಮದುವೆ, ಮಗಳು, ಮಗ್ಗ. ಇಂಗ್ಲಿಷ್ ನನಗೂ ಬೇಕಾಗಲಿಲ್ಲ, ಇಂಗ್ಲಿಷಿಗೆ ನಾನೂ ಬೇಕಾಗಲಿಲ್ಲ. ಆದರೆ ಎರಡು ವರ್ಷದ ಹಿಂದೆ ನಮ್ಮ ಬೀದಿಯ ಅಂಗನವಾಡಿ ಟೀಚರು ಬಂದು "ನಾನು ಸದ್ಯದಲ್ಲೇ ರಿಟೈರ್ ಆಗ್ತೀನಿ, ಪಿಯುಸಿ ಆಗಿರೋರು ಈ ಬೀದೀಲಿ ಯಾರಿದಾರೆ" ಅಂತ ಕೇಳಿದರು. ಮಕ್ಕಳ ಮಧ್ಯೆ ಇರುವ ಕೆಲಸ, ಮನೆಯಿಂದ ಆರು ಬಾಗಿಲು ದಾಟಿದರೆ ಸಾಕು, ನನ್ನದು ಅಂತ ಒಂದು ಕುರ್ಚಿ. ಆ ಕುರ್ಚಿ ನನಗೆ ಬೇಕು ಅಂತ ಅನ್ನಿಸಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಅಷ್ಟು ಬೇಕಿತ್ತು. ನಡುವೆ ಇದ್ದದ್ದು ಇಂಗ್ಲಿಷ್ ಒಂದೇ.

ಆ ಒಂದು ಪರೀಕ್ಷೆ ಮತ್ತೆ ಬರೀತೀನಿ ಅಂದೆ. ಗಂಡ "ಬರಿ, ಯಾರು ಬೇಡ ಅಂದ್ರು" ಅಂದರು. ಅತ್ತೆ ಮಾತ್ರ ನಕ್ಕರು. "ನಿನ್ನ ಮಗಳು ಪಿಯುಸಿ, ನೀನೂ ಪಿಯುಸಿ. ಇಬ್ರಿಗೂ ಒಂದೇ ಬಣ್ಣದ ಬ್ಯಾಗ್ ತರ್ತೀನಿ ತಗೋ" ಅಂದರು.

ಮಗಳೇ ನನ್ನ ಮೇಷ್ಟ್ರು. ಕಾಲೇಜಿನಿಂದ ಬಂದವಳೇ ಮಗ್ಗದ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ನಾನು ಲಾಳಿ ನೋಡುತ್ತಾ, ಕಡಿದ ಎಳೆ ಹಚ್ಚುತ್ತಾ, ಅವಳು ಕೂಗಿದ್ದನ್ನು ತಿರುಗಿ ಕೂಗುತ್ತಿದ್ದೆ. ಪದ್ಯದ ಸಾರಾಂಶ, ಪ್ರಶ್ನೋತ್ತರ ಎಲ್ಲ ಕೂಗಿ ಕೂಗಿ ತಲೆಗೆ ಹತ್ತಿತು. ಹತ್ತದೇ ಉಳಿದದ್ದು ಒಂದೇ: ದೊಡ್ಡ ಪದಕ್ಕೆ ಚಿಕ್ಕ ಪದ ಅಂಟಿಸಿ ಅರ್ಥ ಬದಲಾಯಿಸುವ ಅವರ ಆಟ. ಫ್ರೇಸಲ್ ವರ್ಬ್ ಅಂತ ಅದರ ಹೆಸರಂತೆ.

"ಪುಟ್ ಆಫ್ ಅಂದ್ರೆ ಮುಂದಕ್ಕೆ ಹಾಕೋದು. ಪುಟ್ ಔಟ್ ಅಂದ್ರೆ ಆರಿಸೋದು. ಪುಟ್ ಅಪ್ ವಿತ್ ಅಂದ್ರೆ ಸಹಿಸ್ಕೊಳ್ಳೋದು" ಅಂತ ಮಗಳು ಕೂಗಿದಳು.

"ಅದೊಂದು ನಂಗೆ ಗೊತ್ತು. ನಿಮ್ಮಪ್ಪನ ಜೊತೆ ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿರೋದು" ಅಂತ ನಾನು ಕೂಗಿದೆ. ಆಚೆ ಮಗ್ಗದಲ್ಲಿದ್ದ ಅವರು ನನ್ನ ತುಟಿ ಓದಿಬಿಟ್ಟರು. ಅವತ್ತು ಸಂಜೆ ಬೋಂಡ ತರಲಿಲ್ಲ.

ಎಲ್ಲಕ್ಕಿಂತ ಕಾಡಿದ್ದು ಪುಟ್ ಟುಗೆದರ್. ಪುಟ್ ಅಂದರೆ ಇಡು, ಟುಗೆದರ್ ಅಂದರೆ ಒಟ್ಟಿಗೆ. ಒಟ್ಟಿಗೆ ಇಡು, ಸರಿ. ಆದರೆ ಮಗಳು ಕೊಟ್ಟ ವಾಕ್ಯಗಳಲ್ಲಿ ಯಾರೋ ಸೈಕಲ್ಲನ್ನು ಪುಟ್ ಟುಗೆದರ್ ಮಾಡುತ್ತಾನೆ, ಇನ್ಯಾರೋ ಒಂದು ತಂಡವನ್ನು ಪುಟ್ ಟುಗೆದರ್ ಮಾಡುತ್ತಾಳೆ, ಮತ್ತೊಬ್ಬ ಭಾಷಣವನ್ನು. "ಭಾಷಣನ ಎಲ್ಲಿಡ್ತಾನೆ? ಯಾವುದರ ಜೊತೆ ಇಡ್ತಾನೆ?" ಅಂತ ನಾನು.

"ಇಡೋದಲ್ಲ ಅಮ್ಮಾ! ಬಿಡಿಬಿಡಿಯಾಗಿರೋದನ್ನ ಸೇರಿಸಿ ಒಂದು ಮಾಡೋದು!"

"ಹಂಗಾದ್ರೆ ಇಡು ಅಂತ ಯಾಕಂತಾರೆ?"

ನನಗೆ ನಿಜವಾಗಿ ರೇಗುತ್ತಿತ್ತು. ನಮ್ಮಲ್ಲಿ ಒಂದೊಂದನ್ನು ಸೇರಿಸುವುದಕ್ಕೂ ಒಂದೊಂದು ಮಾತಿದೆ. ಹಿಟ್ಟು ಕಲಸುತ್ತೇವೆ, ಹಾಲಿಗೆ ನೀರು ಬೆರೆಸುತ್ತೇವೆ, ಮಣಿ ಪೋಣಿಸುತ್ತೇವೆ, ಜಾತಕ ಹೊಂದಿಸುತ್ತೇವೆ, ಜನ ಕೂಡಿಸುತ್ತೇವೆ, ಎಳೆ ಕೆಚ್ಚುತ್ತೇವೆ. ಜಾತಕ ಕಲಸಿದೆ ಅಂದರೆ ಬೀದಿಯಲ್ಲಿ ನಗುತ್ತಾರೆ. ಇವರು ನೋಡಿದರೆ ಸೈಕಲ್ಲಿಗೂ ಅದೇ, ಭಾಷಣಕ್ಕೂ ಅದೇ. ಇಷ್ಟು ಬಡತನದ ಭಾಷೆಗೆ ಇಷ್ಟೊಂದು ಜಂಬವೇ ಅಂತ ಮಗಳ ಹತ್ತಿರ ಕೂಗಾಡಿದೆ. ಅವಳು ಪುಸ್ತಕ ಮಡಚಿ ಎದ್ದುಹೋದಳು.

ಪರೀಕ್ಷೆಗೆ ಇನ್ನು ಹತ್ತು ದಿನ ಇದ್ದಾಗ ಮೂರನೇ ಮಗ್ಗದ ನೂಲು ಮುಗಿಯಿತು. ನಾನು ಕೆಚ್ಚಲು ಕೂತೆ. ಅತ್ತೆಗೆ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಕೆಚ್ಚುವುದು ಬಿಟ್ಟು ಐದಾರು ವರ್ಷವಾಯಿತು, ಆದರೂ ಎದುರಿಗೆ ಕೂತು ಎಳೆ ಬಿಡಿಸಿ ಕೊಡುತ್ತಾರೆ. ಬೆರಳಿಗೆ ಕಣ್ಣಿನ ಹಂಗಿಲ್ಲ. ಮಧ್ಯಾಹ್ನ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗ ಒಟ್ಟಿಗೆ ನಿಂತಿತು. ಕಿಟಕಿಯ ಬೆಳಕಿದ್ದರೆ ನಮ್ಮ ಕೆಲಸಕ್ಕೆ ಕರೆಂಟು ಬೇಕಿಲ್ಲ. ನಾನು ಕೆಚ್ಚುತ್ತಾ ಬಾಯಲ್ಲಿ ಪುಟ್ ಟುಗೆದರ್ ಅಂತ ಜಪ ಮಾಡುತ್ತಿದ್ದೆ.

"ಏನೇ ಅದು, ದಿನಾ ಅರಚ್ತೀಯ" ಅಂದರು ಅತ್ತೆ.

ಹೇಳಿದೆ. ಇಡು ಅನ್ನುವ ಮಾತು, ಒಟ್ಟಿಗೆ ಅನ್ನುವ ಮಾತು, ಎರಡೂ ಸೇರಿದರೆ ಬೇರೆ ಏನೋ ಆಗುತ್ತದಂತೆ, ನನಗೆ ತಲೆಗೆ ಹೋಗುತ್ತಿಲ್ಲ ಅಂದೆ.

ಅತ್ತೆ ಎರಡು ಎಳೆ ಎತ್ತಿ ತಮ್ಮ ಅಂಗೈ ಮೇಲೆ ಪಕ್ಕಪಕ್ಕ ಇಟ್ಟರು. "ಇದು ಕೂಡ್ತಾ?"

"ಇಲ್ಲ."

ಹೆಬ್ಬೆರಳಿನಿಂದ ಒಂದು ತಿರುವು ತಿರುವಿದರು. "ಈಗ?"

"ಕೂಡ್ತು."

"ಎಳೆ ಅದೇ ತಾನೆ? ನೀನು ಆ ಎರಡು ಮಾತನ್ನೂ ಪಕ್ಕದಲ್ಲಿಟ್ಕೊಂಡು ಎಣಿಸ್ತಾ ಕೂತಿದೀಯ. ತಿರುವು. ಇಷ್ಟು ವರ್ಷ ಆದ್ಮೇಲೂ ಇದನ್ನ ನಾನು ಹೇಳ್ಕೊಡ್ಬೇಕಾ ನಿಂಗೆ?"

ನಾನು ಬೂದಿ ಕೈಯಲ್ಲೇ ಹಣೆ ಚಚ್ಚಿಕೊಂಡೆ. ಇಂಗ್ಲಿಷ್ ಒಂದಕ್ಷರ ಬಾರದ ನಮ್ಮತ್ತೆ, ವರ್ಷವಿಡೀ ಮಗಳು ಕೂಗಿದರೂ ಹೋಗದ್ದನ್ನು ಒಂದು ಹೆಬ್ಬೆರಳಲ್ಲಿ ತಲೆಯೊಳಗೆ ಕೂರಿಸಿದರು. ಅವತ್ತು ಇಡೀ ಮಧ್ಯಾಹ್ನ ನಾವಿಬ್ಬರೂ ನಗುತ್ತಾ ಕೆಚ್ಚಿದೆವು. ನನ್ನ ಹಣೆಯ ಬೂದಿ ನೋಡಿದಾಗಲೆಲ್ಲ ಅವರಿಗೆ ನಗು ಬರುತ್ತಿತ್ತು.

ಪರೀಕ್ಷೆಯ ದಿನ ಬಂತು. ಊರಿನ ಒಂದು ಕಾಲೇಜು, ಮೇಲಿನ ಅಂತಸ್ತಿನ ರೂಮು. ಸುತ್ತಲೂ ನನ್ನ ಮಗಳ ವಯಸ್ಸಿನ ಹುಡುಗ ಹುಡುಗಿಯರು, ಮಧ್ಯದ ಬೆಂಚಿನಲ್ಲಿ ಕನಕಾಂಬರ ಮುಡಿದ ನಾನು. ಗೋಡೆಯ ಮೂಲೆಯಲ್ಲಿ ಕ್ಯಾಮೆರಾ. ಪೇಪರು ಕೊಟ್ಟರು. ರೂಮು ಗಪ್‌ಚುಪ್ ಆಯಿತು.

ಆ ನಿಶ್ಶಬ್ದವೇ ನನಗೆ ಮುಳುವಾಯಿತು. ನಾನು ಓದಿದ್ದೆಲ್ಲ ಮಗ್ಗದ ಸದ್ದಿನಲ್ಲಿ. ಇಲ್ಲಿ ಕರೆಂಟು ಹೋಗಿ, ಯುಪಿಎಸ್ ಮೇಲೆ ಫ್ಯಾನು ತಿರುಗುವ ಶಬ್ದ ಬಿಟ್ಟರೆ ಏನೂ ಇಲ್ಲ. ತಲೆಯೊಳಗೂ ಏನೂ ಇಲ್ಲ. ಪದ್ಯ ಇಲ್ಲ, ಸಾರಾಂಶ ಇಲ್ಲ, ನನ್ನ ಹೆಸರಿನ ಸ್ಪೆಲಿಂಗೇ ಅನುಮಾನವಾಯಿತು. ಹಾಳೆ ತಿರುವಿ ತಿರುವಿ ಕೊನೆಗೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಬಂದೆ. ಆವರಣದಲ್ಲಿ ನಾಲ್ಕು ಉತ್ತರ ಕೊಟ್ಟಿದ್ದರು. ಅದರಲ್ಲಿ ನನ್ನ ಪುಟ್ ಟುಗೆದರ್ ಕೂತಿತ್ತು! ಜಾತ್ರೆಯಲ್ಲಿ ತವರಿನವರು ಸಿಕ್ಕಿದ ಹಾಗಾಯಿತು. ನನ್ನ ಪಾಡಿಗೆ ನಾನು, ಗೊಣಗಿಕೊಳ್ಳುವ ಹಾಗೆ, ಮೆಲ್ಲಗೆ ಅಂದುಕೊಂಡೆ.

ಮೆಲ್ಲಗೆ ಅಂದರೆ ನಮ್ಮ ಮನೆಯ ಮೆಲ್ಲಗೆ.

"ಪುಟ್ ಟುಗೆದರ್!" ಅಂತ ಇಡೀ ರೂಮು ಕೇಳಿತು. ಪಕ್ಕದ ರೂಮಿಗೂ ಕೇಳಿತೆಂದು ಆಮೇಲೆ ಗೊತ್ತಾಯಿತು. ಮೂವತ್ತು ತಲೆ ನನ್ನ ಕಡೆ ತಿರುಗಿ, ಮೂವತ್ತೂ ತಕ್ಷಣ ಬಗ್ಗಿ ಬರೆದುಕೊಂಡವು. ಮುಂದಿನ ಬೆಂಚಿನ ಹುಡುಗಿ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದಳು.

ಮೇಲ್ವಿಚಾರಕಿ ಮೇಡಂ ಧಡಧಡ ಬಂದರು. "ಏನಮ್ಮಾ ಇದು, ಪರೀಕ್ಷೆನಾ, ಸಂತೆನಾ? ಉತ್ತರ ಕೂಗಿ ಹೇಳ್ತಿದೀರಲ್ಲ! ಕ್ಯಾಮೆರಾದಲ್ಲಿ ಬಿದ್ರೆ ನಿಮ್ಮನ್ನೂ ಆಚೆ ಹಾಕ್ತಾರೆ, ನನ್ನನ್ನೂ ಹಾಕ್ತಾರೆ. ಕೊಡಿ ಇಲ್ಲಿ ಪೇಪರ್ರು."

ನನ್ನ ಕಣ್ಣ ಮುಂದೆ ಆರು ಬಾಗಿಲಾಚೆಯ ಕುರ್ಚಿ ಹಾರಿಹೋಯಿತು. ಪೇಪರು ಎದೆಗವಚಿಕೊಂಡು, "ಮೇಡಂ, ಕೂಗ್ಲಿಲ್ಲ ಮೇಡಂ, ನನ್ನಷ್ಟಕ್ಕೆ ಅಂದ್ಕೊಂಡೆ ಅಷ್ಟೇ" ಅಂದೆ. ಅದನ್ನೂ ಇನ್ನೊಂದು ಸಲ ಪಕ್ಕದ ರೂಮಿನವರೆಲ್ಲ ಕೇಳಿಸಿಕೊಂಡರು.

ಮೇಡಂ ನನ್ನ ಮುಖ ನೋಡಿದರು. ಆಮೇಲೆ ಕೈ ನೋಡಿದರು. ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ಬೂದಿ ಕೂತು ಕಪ್ಪಾದದ್ದು ತೊಳೆದರೆ ಹೋಗುವುದಿಲ್ಲ.

"ಎಷ್ಟು ಮಗ್ಗ?" ಅಂದರು.

"ನಾಲ್ಕು ಮೇಡಂ."

"ನಮ್ಮಮ್ಮನ ಮನೇಲಿ ಆರು." ಅವರ ತುಟಿ ನಗು ತಡೆದುಕೊಳ್ಳುತ್ತಿತ್ತು. "ಇವತ್ತಿಗೂ ನಮ್ಮಮ್ಮ ಫೋನ್ ಮಾಡಿದ್ರೆ ಕಿವಿಯಿಂದ ಒಂದಡಿ ದೂರ ಹಿಡ್ಕೋತೀನಿ. ಬನ್ನಿ, ಹಿಂದಿನ ಬೆಂಚು ಖಾಲಿ ಇದೆ, ಅಲ್ಲಿ ಕೂತ್ಕೊಳ್ಳಿ. ಬಾಯಿಗೆ ಸೆರಗು ಅಡ್ಡ ಇಟ್ಕೊಳ್ಳಿ. ಇನ್ನೊಂದು ಸಲ ದನಿ ಬಂದ್ರೆ ಮಾತ್ರ ನಾನು ಬಿಡಲ್ಲ."

ಹಿಂದಿನ ಬೆಂಚು ಕಿಟಕಿಗೆ ಒತ್ತಿಕೊಂಡಿತ್ತು. ಕೂತು ಒಂದು ನಿಮಿಷವಾಗಿರಲಿಲ್ಲ, ಆಚೆ ಬೀದಿಯಲ್ಲಿ ಕರೆಂಟು ಬಂತು. ಒಂದು ಮಗ್ಗ ಹೊರಟಿತು, ಇನ್ನೊಂದು, ಮತ್ತೆ ನಾಲ್ಕಾರು. ಚಟಕ್ ಪಟಕ್, ಚಟಕ್ ಪಟಕ್. ಅಯ್ಯೋ, ಆ ಸುಖ ಹೇಗೆ ಹೇಳಲಿ! ತಲೆಯೊಳಗೆ ಮಗಳ ದನಿ ಕೂಗಲು ಶುರುಮಾಡಿತು. ಪದ್ಯ ಬಂತು, ಸಾರಾಂಶ ಬಂತು, ನಾನು ಬಾಯಿಗೆ ಸೆರಗು ಅಮುಕಿಕೊಂಡು ಬರೆದೇ ಬರೆದೆ.

ಕೊನೆಗೆ ಉಳಿದದ್ದು ಕೆಲಸಕ್ಕೆ ಅರ್ಜಿ ಬರೆಯುವ ಪ್ರಶ್ನೆ. ಗೈಡಿನಲ್ಲಿದ್ದ ಅರ್ಜಿ ನನಗೆ ಬಾಯಿಪಾಠ. ಅದರಲ್ಲಿರುವವನಿಗೆ ಬಿಕಾಂ ಆಗಿದೆ, ಅಕೌಂಟೆಂಟ್ ಆಗಿ ಮೂರು ವರ್ಷದ ಅನುಭವ ಇದೆ. ದಿನಾಂಕ, ವಿಳಾಸ, ಡಿಯರ್ ಸರ್, ಎಲ್ಲ ಬರೆದು ಅನುಭವದ ಜಾಗಕ್ಕೆ ಬಂದೆ. ಅಲ್ಲಿ ಕೈ ನಿಂತಿತು. ಯಾರೋ ಕಂಡವನ ಮೂರು ವರ್ಷವನ್ನು ನಾನ್ಯಾಕೆ ನನ್ನದು ಅಂತ ಬರೆಯಲಿ? ನನ್ನದೇ ಇಪ್ಪತ್ತು ವರ್ಷ ಇಲ್ಲವೇ? ಅನುಭವ ಏನು ಅಂತ ಇವರು ಕೇಳುತ್ತಿದ್ದಾರೆ, ನನ್ನನ್ನು ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಗೈಡನ್ನು ಅಲ್ಲಿಗೇ ಬಿಟ್ಟು ನಾನೇ ಬರೆದೆ: ಐ ಪುಟ್ ಟುಗೆದರ್ ಫೋರ್ ಥೌಸಂಡ್ ಥ್ರೆಡ್ಸ್ ಇನ್ ಒನ್ ಡೇ. ಒಂದು ದಿನದಲ್ಲಿ ನಾಲ್ಕು ಸಾವಿರ ಎಳೆ ಕೂಡಿಸುತ್ತೇನೆ. ಯಾರ ಪುಸ್ತಕದಲ್ಲೂ ಇಲ್ಲದ, ನಾನೇ ಮಾಡಿದ ಮೊದಲನೇ ಇಂಗ್ಲಿಷ್ ವಾಕ್ಯ ಅದು. ಬರೆದು ಮುಗಿಸಿ ಸೆರಗಿನ ಹಿಂದೆ ನಗುತ್ತಾ ಕೂತಿದ್ದೆ. ಮೇಡಂ ದೂರದಿಂದ ಬೆರಳು ತೋರಿಸಿ ಗದರಿಸಿದರು.

ಫಲಿತಾಂಶದ ದಿನ ಮಗಳು ಫೋನು ಹಿಡಿದು ಅಂಗಳದಲ್ಲಿ ಕುಣಿದಳು. ನಲವತ್ತೆಂಟು. ಗಂಡ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದರು, ಬೋಂಡದ ಬಾಕಿಯೂ ತೀರಿತು. ನಾನು ಅಡುಗೆಮನೆಯಲ್ಲಿ ಕೂತು ಖುಷಿಗೆ ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ನಮ್ಮತ್ತೆ ಒಳಗೆ ಬಂದು ಬಾಗಿಲು ಹಾಕಿಕೊಂಡರು.

"ಏನ್ ಬರ್ದೆ ಅಂತ ಹೇಳೇ" ಅಂದರು.

ಬೇರೆಲ್ಲ ಬಿಟ್ಟು ಆ ಒಂದು ವಾಕ್ಯ ಹೇಳಿದೆ, ಕನ್ನಡದಲ್ಲಿ ಅರ್ಥವನ್ನೂ ಹೇಳಿದೆ. ಅವರು ದನಿ ತಗ್ಗಿಸಿದರು. ನಮ್ಮ ಮನೆಯಲ್ಲಿ ಅದು ಅಪರೂಪ. ಆಮೇಲೆ, ಮೂರನೇ ಕ್ಲಾಸಿನಲ್ಲಿ ತಮ್ಮನ್ನು ಸ್ಕೂಲು ಬಿಡಿಸಿ ನೂಲು ಸುತ್ತಲು ಕೂರಿಸಿದ್ದು ಹೇಳಿದರು. ಅಲ್ಲಿಂದ ಇಲ್ಲಿಗೆ ಎಷ್ಟು ಎಳೆ ಕೆಚ್ಚಿದೆನೋ ನಂಗೇ ಗೊತ್ತಿಲ್ಲ ಅಂದರು. "ಓದ್ಬೇಕಿತ್ತು ಕಣೇ ನಾನು. ನಿನ್ನ ನೋಡಿ ನಗಾಡಿದ್ದು ಅದಕ್ಕೇ. ಹೊಟ್ಟೆಕಿಚ್ಚು."

ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು, "ಅದನ್ನ ನಂಗೂ ಹೇಳ್ಕೊಡು. ಆದ್ರೆ ನಾಲ್ಕು ಸಾವಿರ ಅನ್ಬೇಡ. ನಾಲ್ಕು ಸಾವಿರ ನಿಂದು. ನಂದು ಐದು" ಅಂದರು.

ಹೇಳಿಕೊಟ್ಟೆ. ಒಂದು ವಾರ ಮನೆಯಲ್ಲಿ ಅದೇ ಗಲಾಟೆ. ಹೂವಿನವಳಿಗೂ ಹೇಳಿದರು, ಮೀಟರ್ ರೀಡಿಂಗಿಗೆ ಬಂದವನಿಗೂ ಹೇಳಿದರು. ಅವನು ಹೆದರಿ ಬಿಲ್ಲು ಕೊಟ್ಟವನೇ ಓಡಿದ.

ಕೆಲಸ ಸಿಕ್ಕಿತು. ಅರ್ಜಿ, ದಾಖಲೆ, ಓಡಾಟ ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ವರ್ಷವೇ ಹಿಡಿಯಿತು. ಸೇರಿದ ಮೇಲೆ ಮೊದಲ ಕೆಲಸ ಬೀದಿಯ ಮನೆಮನೆ ಸರ್ವೆ. ದೊಡ್ಡ ರಿಜಿಸ್ಟರು ಹಿಡಿದು ಒಂದೊಂದು ಬಾಗಿಲಿಗೂ ಹೋದೆ: ಹೆಸರು, ವಯಸ್ಸು, ಓದು, ಉದ್ಯೋಗ. ಒಂಬತ್ತು ಮನೆ ಮುಗಿಸಿ ಹತ್ತನೆಯದು ನಮ್ಮದೇ. ಅತ್ತೆ ಸೋಫಾದ ಮೇಲೆ ಸೆರಗು ಹೊದ್ದು ತಯಾರಾಗಿ ಕೂತಿದ್ದರು. "ಸೊಸೆ ಅಂತ ಸುಮ್ನೆ ಬರ್ಕೊಂಡು ಹೋಗ್ಬೇಡ. ಎಲ್ರಿಗೂ ಕೇಳ್ದಂಗೆ ನಂಗೂ ಕೇಳು" ಅಂದರು.

ಹೆಸರು ಕೇಳಿದೆ, ಹೇಳಿದರು. ವಯಸ್ಸಿನಲ್ಲಿ ನಾಲ್ಕು ವರ್ಷ ಕಡಿಮೆ ಹೇಳಿದರು, ಬರೆದುಕೊಂಡೆ. ಓದು, ಮೂರನೇ ಕ್ಲಾಸು. ಉದ್ಯೋಗದ ಕಾಲಂಗೆ ಬಂದಾಗ ಪೆನ್ನು ತಾನಾಗಿಯೇ 'ಮನೆಕೆಲಸ' ಅಂತ ಬರೆಯಲು ಹೊರಟಿತು. ಹಿಂದಿನ ಒಂಬತ್ತು ಮನೆಯ ಮುದುಕಿಯರಿಗೂ ನಾನು ಅದನ್ನೇ ಬರೆದುಕೊಂಡು ಬಂದಿದ್ದೆ. ಒಬ್ಬರನ್ನೂ ಕೇಳಿರಲಿಲ್ಲ.

"ಕೇಳ್ದೇನೇ ಬರೀತೀಯಲ್ಲೇ?" ಅಂದರು ಅತ್ತೆ.

"ನಿಮ್ಮ ಉದ್ಯೋಗ ಏನಮ್ಮಾ?" ಅಂತ ಕೇಳಿದೆ.

ಅವರು ಬೆನ್ನು ನೆಟ್ಟಗೆ ಮಾಡಿ, ಓಡುತ್ತಿದ್ದ ನಾಲ್ಕೂ ಮಗ್ಗದ ಮೇಲೆ ದನಿ ಹಾಕಿ ಹೇಳಿದರು: "ಐ ಪುಟ್ ಟುಗೆದರ್ ಫೈವ್ ಥೌಸಂಡ್ ಥ್ರೆಡ್ಸ್ ಇನ್ ಒನ್ ಡೇ!"

ಕಾಲಂ ಸಣ್ಣದು. ಪಕ್ಕದ ಎರಡು ಕಾಲಂ ಮೇಲೂ ಹಾಯಿಸಿ ಪೂರ್ತಿ ಬರೆದೆ. ಆಮೇಲೆ ರಿಜಿಸ್ಟರಿನ ಹಿಂದಿನ ಹಾಳೆಗಳನ್ನು ತಿರುವಿ, ಬೀದಿಯ ಮೊದಲನೇ ಮನೆಯ ಅಜ್ಜಿಯಿಂದ ಮತ್ತೆ ಕೇಳಿಕೊಂಡು ಬರಲು ಹೊರಟೆ.